ಗಾನವೃಂದದ ಅಟ್ಟದ ಮೇಲಿನ ವಾದ್ಯಗಳು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಗಾನವೃಂದಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಇತಿಹಾಸವುಳ್ಳ ಈ ದೇವಾಲಯದಲ್ಲಿ ನಿಂತು ಮಾತನಾಡುವ ಅರ್ಹತೆ ನನಗಿಂತ ಹಿರಿಯರಾದ ಅನೇಕರಿಗೆ ಇದೆ. ಆದರೆ ಅಟ್ಟದ ಮೇಲೆ ಕುಳಿತು ವಾದ್ಯ ನುಡಿಸುತ್ತ ಬಹುಕಾಲ ಕಳೆದವನು ಎಂಬ ಒಂದೇ ಕಾರಣದಿಂದ ಈ ಹೊಣೆಯನ್ನು ನನಗೆ ವಹಿಸಿದ್ದೀರಿ. ಬಲಿಪೂಜೆಯ ವೇಳೆ ಭಕ್ತಾದಿಗಳು ಬೆನ್ನು ತಿರುಗಿಸಿ ಕುಳಿತಿರುವುದು ನಮ್ಮ ಕಡೆಗೇ. ಹಾಗಾಗಿ ನಮ್ಮ ತಪ್ಪುಗಳು ಕೇಳಿಸಿದರೂ ನಮ್ಮ ಮುಖ ಕಾಣುತ್ತಿರಲಿಲ್ಲ. ಇಂದು ಮೊದಲ ಬಾರಿಗೆ ಕೆಳಗಿಳಿದು ನಿಮಗೆ ಎದುರಾಗಿ ನಿಂತಿದ್ದೇನೆ.

ದೇವಾಲಯದ ಮುಂಬಾಗಿಲ ಮೇಲಿನ ಆ ಅಟ್ಟವನ್ನು ಶತಮಾನೋತ್ಸವದ ನಿಮಿತ್ತ ದುರಸ್ತಿ ಮಾಡಿಸುವುದೆಂದು ತೀರ್ಮಾನವಾಗಿದೆ. ಅಲ್ಲಿ ಇಂದು ಎರಡು ವಾದ್ಯಗಳಿವೆ. ಒಂದು, ನಮ್ಮ ಯುವಕರು ಪ್ರತಿ ಭಾನುವಾರ ನುಡಿಸುವ ಹೊಸ ಕೀಬೋರ್ಡು. ಇನ್ನೊಂದು, ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುವ, ನಾಲ್ಕು ಕಾಲುಗಳ ಜರ್ಮನ್ ಎಲೆಕ್ಟ್ರಿಕ್ ಪಿಯಾನೊ. ಈ ಎರಡರ ನಡುವೆ ನೆಲದ ಹಲಗೆಯ ಮೇಲೆ ಬಣ್ಣ ಮಾಸದ ಒಂದು ಚೌಕವಿದೆ. ಅದು ಮೂರನೆಯ ವಾದ್ಯವೊಂದು ನಿಂತಿದ್ದ ಸ್ಥಳ. ಕಾಲಿನಿಂದ ತುಳಿದು ನುಡಿಸುವ ನಮ್ಮ ಹಳೆಯ ಹಾರ್ಮೋನಿಯಂ ಅಲ್ಲಿತ್ತು. ಈಗ ಆ ಜರ್ಮನ್ ವಾದ್ಯವನ್ನೂ ವಿಲೇವಾರಿ ಮಾಡಬೇಕೇ ಎಂಬ ಪ್ರಶ್ನೆ ಎದ್ದಿದೆ. ಆ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಈ ಮೂರು ವಾದ್ಯಗಳ ಕಥೆಯನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಮೊದಲು ಹಾರ್ಮೋನಿಯಂ. ಪ್ಯಾರಿಸ್ ನಗರದ ಅಲೆಕ್ಸಾಂಡ್ರ್ ದೆಬೆನ್ ಎಂಬ ಕುಶಲಕರ್ಮಿಯು 1840ರ ದಶಕದ ಆರಂಭದಲ್ಲಿ ಈ ಹೆಸರಿನಿಂದ ತನ್ನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ತಿದಿಯನ್ನು ಒತ್ತಿದಾಗ ಗಾಳಿ ಪೆಟ್ಟಿಗೆಯೊಳಕ್ಕೆ ನುಗ್ಗುತ್ತದೆ. ಕೀಲಿಯನ್ನು ಅದುಮಿದಾಗ ಅದರ ಕೆಳಗಿನ ಕಿಂಡಿ ತೆರೆದು, ಆ ಗಾಳಿ ಹಿತ್ತಾಳೆಯ ತೆಳುವಾದ ನಾಲಗೆಯೊಂದನ್ನು ಅಲುಗಾಡಿಸುತ್ತದೆ. ಆ ಅಲುಗಾಟವೇ ಸ್ವರ. ನಾಲಗೆ ಉದ್ದವಾದರೆ ಮಂದ್ರ, ಗಿಡ್ಡವಾದರೆ ತಾರ. ಯೂರೋಪಿನ ಮಹಾದೇವಾಲಯಗಳ ಕೊಳವೆ ಆರ್ಗನ್ನನ್ನು ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಊರುಗಳ ಇಗರ್ಜಿಗಳಿಗೆ ಇದು ವರದಾನವಾಯಿತು. ಮುಂದೆ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಇದನ್ನು ಗಿಡ್ಡಗೊಳಿಸಿ, ತಿದಿಯನ್ನು ಹಿಂಬದಿಗೆ ತಂದು, ಚಾಪೆಯ ಮೇಲೆ ಕುಳಿತು ಒಂದು ಕೈಯಿಂದ ಒತ್ತಿ ಮತ್ತೊಂದು ಕೈಯಿಂದ ನುಡಿಸುವಂತೆ ಮಾಡಿದರು. ನಾವು ಇಂದು ಭಾರತೀಯ ವಾದ್ಯವೆಂದೇ ತಿಳಿದಿರುವ ಹಾರ್ಮೋನಿಯಂ ಹುಟ್ಟಿದ್ದು ಹೀಗೆ.

ಈ ಗುಡ್ಡಗಾಡಿನ ನಮ್ಮ ಪೂರ್ವಜರ ಸ್ಥಿತಿಯನ್ನು ನೆನೆಯಿರಿ. ಕಾಫಿ ತೋಟಗಳ ಕೆಲಸಕ್ಕೆಂದು ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಿಂದ ಕೊಂಕಣಿ ಮಾತನಾಡುವವರು ಬಂದರು. ತಮಿಳು ಸೀಮೆಯಿಂದಲೂ ಬಂದರು. ಮೈಸೂರು ಸೀಮೆಯ ಮಿಷನ್ನು ಆಗ ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಗುರುಗಳ ಆಡಳಿತದಲ್ಲಿತ್ತು. ತೋಟದಿಂದ ತೋಟಕ್ಕೆ ಮೈಲುಗಟ್ಟಲೆ ಕಾಡು. ಜ್ಯೇಷ್ಠದಿಂದ ಭಾದ್ರಪದದವರೆಗೆ ಮಳೆ. ಮನೆಯಲ್ಲಿ ಮಾತು ಒಂದು, ಪೂಜೆಯಲ್ಲಿ ಮಾತು ಲ್ಯಾಟಿನ್. ಇಂತಹ ಜನರನ್ನು ಒಂದೇ ಸ್ವರಕ್ಕೆ ತರಲು ಕೊಳವೆ ಆರ್ಗನ್ ಈ ಬೆಟ್ಟವನ್ನು ಹತ್ತಿ ಬರುವುದು ಸಾಧ್ಯವಿರಲಿಲ್ಲ. ಬಂದರೂ ಇಲ್ಲಿನ ತೇವದಲ್ಲಿ ಅದರ ಮರ ಮತ್ತು ಚರ್ಮ ಉಳಿಯುತ್ತಿರಲಿಲ್ಲ. ಇಬ್ಬರು ಹೊತ್ತು ತರಬಹುದಾದ ಹಾರ್ಮೋನಿಯಂ ಮಾತ್ರ ಬರಲು ಸಾಧ್ಯವಿತ್ತು, ಅದೇ ಬಂದಿತು.

ಎರಡನೆಯ ವಾದ್ಯ ಜರ್ಮನಿಯದು. ಜರ್ಮನ್ನರಿಗೂ ಕನ್ನಡ ನಾಡಿಗೂ ಇರುವ ನಂಟು ಹೊಸದಲ್ಲ. ನಮ್ಮ ಪ್ರೊಟೆಸ್ಟಂಟ್ ಸಹೋದರರ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು, ಫರ್ಡಿನಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಕಿಟ್ಟೆಲರು ‘ಕಥಾಮಾಲೆ’ ಎಂಬ ಕೃತಿಯಲ್ಲಿ ಪ್ರಭು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ಅಳವಡಿಸಿದವರು ಎಂಬುದು ಹಾಡುಗಾರರಾದ ನಾವು ಮರೆಯಬಾರದ ಸಂಗತಿ. ನಮ್ಮ ಕಥೋಲಿಕ ಸಭೆಯಲ್ಲಿ ಜರ್ಮನ್ ಜೆಸ್ವಿತ್ ಗುರುಗಳಾದ ಅಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ 1880ರಲ್ಲಿ ಆರಂಭಿಸಿದ ಔಷಧಾಲಯವು ಇಂದು ದೊಡ್ಡ ಆಸ್ಪತ್ರೆಯಾಗಿದೆ. ಈ ಬೆಟ್ಟದ ಎಷ್ಟು ಮನೆಗಳ ರೋಗಿಗಳು ಚಾರ್ಮಾಡಿ ಘಾಟಿ ಇಳಿದು ಅಲ್ಲಿಗೆ ಹೋಗಿಲ್ಲ!

ಮೋಗ್ಲಿಂಗರು ಹುಟ್ಟಿದ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿಯೇ ಟ್ರೋಸಿಂಗೆನ್ ಎಂಬ ಒಂದು ಸಣ್ಣ ಊರಿದೆ. ಅಲ್ಲಿ ಗಡಿಯಾರದ ಕೆಲಸ ಬಲ್ಲ ಮಥಿಯಾಸ್ ಹೋನರ್ ಎಂಬವನು 1857ರಲ್ಲಿ ಬಾಯಿಯಿಂದ ಊದಿ ನುಡಿಸುವ ಮೌತ್ ಆರ್ಗನ್‌ಗಳನ್ನು ತಯಾರಿಸತೊಡಗಿದನು. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡ ಮೌತ್ ಆರ್ಗನ್‌ಗಳ ಮೇಲೆ ಆ ಹೆಸರೇ ಇತ್ತು. ಅದರೊಳಗಿರುವುದೂ ಹಾರ್ಮೋನಿಯಂ ಪೆಟ್ಟಿಗೆಯೊಳಗಿನ ಅದೇ ಲೋಹದ ನಾಲಗೆ. ತಿದಿಯ ಬದಲು ಮನುಷ್ಯನ ಉಸಿರು, ಅಷ್ಟೇ ಭೇದ.

ಪಿಯಾನೊವನ್ನು ವಿದ್ಯುತ್ತಿನಿಂದ ಹಗುರಗೊಳಿಸುವ ಯತ್ನವೂ ಜರ್ಮನಿಯಲ್ಲಿ ಬಹಳ ಹಿಂದೆಯೇ ನಡೆದಿತ್ತು. 1920ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ವಾಲ್ಟರ್ ನೆರ್ನ್ಸ್ಟರು ಬೆಕ್‌ಸ್ಟೈನ್ ಮತ್ತು ಸೀಮನ್ಸ್ ಸಂಸ್ಥೆಗಳೊಡನೆ ಸೇರಿ 1931ರಲ್ಲಿ ‘ನಿಯೋ ಬೆಕ್‌ಸ್ಟೈನ್’ ಎಂಬ ವಾದ್ಯವನ್ನು ಹೊರತಂದರು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸಿ ಧ್ವನಿವರ್ಧಕದ ಮೂಲಕ ಕೇಳಿಸುವ ಉಪಾಯ ಅದರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆರಾಲ್ಡ್ ರೋಡ್ಸ್ ಎಂಬ ಸಂಗೀತ ಶಿಕ್ಷಕರು ಗಾಯಾಳು ಸೈನಿಕರು ಹಾಸಿಗೆಯಲ್ಲಿ ಮಲಗಿದಂತೆಯೇ ನುಡಿಸಲೆಂದು, ಹಳೆಯ ಯುದ್ಧವಿಮಾನಗಳ ಅಲ್ಯೂಮಿನಿಯಂ ಕೊಳವೆಗಳಿಂದ ಪುಟ್ಟ ಪಿಯಾನೊಗಳನ್ನು ಮಾಡಿದರು. ಮುಂದೆ ಅವರ ಹೆಸರಿನ ಎಲೆಕ್ಟ್ರಿಕ್ ಪಿಯಾನೊ ಪ್ರಸಿದ್ಧವಾದುದಕ್ಕೆ ಮೂಲ ಆ ರೋಗಿಗಳ ಶುಶ್ರೂಷೆ. ಕೊಲ್ಲುವ ಯಂತ್ರದ ಲೋಹವೇ ಸಂತೈಸುವ ಸ್ವರವಾಯಿತೆಂಬುದು ಧ್ಯಾನಯೋಗ್ಯವಾದ ಮಾತು.

ನಮ್ಮ ಅಟ್ಟದ ಮೇಲಿರುವುದು ಹೋನರ್ ಸಂಸ್ಥೆಯ ‘ಪಿಯಾನೆಟ್’. ಆ ಸಂಸ್ಥೆಯ ಅರ್ನ್‌ಸ್ಟ್ ಜಖಾರಿಯಾಸ್ ಎಂಬ ಯಂತ್ರಜ್ಞರು 1950ರ ದಶಕದ ಕೊನೆಯಲ್ಲಿ ‘ಚೆಂಬಲೆಟ್’, 1962ರಲ್ಲಿ ‘ಪಿಯಾನೆಟ್’, 1964ರಲ್ಲಿ ‘ಕ್ಲಾವಿನೆಟ್’ ಎಂಬ ಮೂರು ವಾದ್ಯಗಳನ್ನು ರೂಪಿಸಿದರು. ಕ್ಲಾವಿನೆಟ್‌ನಲ್ಲಿ 60 ತಂತಿಗಳಿದ್ದು, ಕೀಲಿಯ ಕೆಳಗಿನ ರಬ್ಬರ್ ತುದಿ ತಂತಿಯನ್ನು ಅಡಿಗಲ್ಲಿಗೆ ಒತ್ತಿ ಬಾರಿಸುತ್ತದೆ. ಪಿಯಾನೆಟ್ಟಿನಲ್ಲಿ ತಂತಿಯೂ ಇಲ್ಲ, ಸುತ್ತಿಗೆಯೂ ಇಲ್ಲ. ಪ್ರತಿಯೊಂದು ಕೀಲಿಯ ಒಳತುದಿಯಲ್ಲಿ ಅಂಟುದ್ರವ ಹೀರಿಕೊಂಡ ಚರ್ಮದ ಪುಟ್ಟ ಮೆತ್ತೆಯೊಂದು ಉಕ್ಕಿನ ನಾಲಗೆಗೆ ತಗುಲಿಕೊಂಡಿರುತ್ತದೆ. ಕೀಲಿಯನ್ನು ಅದುಮಿದರೆ ಒಳತುದಿ ಮೇಲೇಳುತ್ತದೆ. ಮೆತ್ತೆಯು ಅಂಟಿನ ಬಲದಿಂದ ನಾಲಗೆಯನ್ನು ತನ್ನೊಡನೆ ಎಳೆಯುತ್ತದೆ. ಇನ್ನು ಎಳೆಯಲಾರದಾದಾಗ ಬಿಟ್ಟುಬಿಡುತ್ತದೆ. ಬಿಡುಗಡೆಗೊಂಡ ನಾಲಗೆ ನಡುಗಿ ಸ್ವರ ಹೊರಡುತ್ತದೆ. ಬೆರಳನ್ನು ತೆಗೆದೊಡನೆ ಮೆತ್ತೆ ಮರಳಿ ನಾಲಗೆಯ ಮೇಲೆ ಕುಳಿತು ಅದನ್ನು ಸುಮ್ಮನಾಗಿಸುತ್ತದೆ. ಇಂಗ್ಲೆಂಡಿನ ಬೀಟಲ್ಸ್ ತಂಡದವರು ಸಹ 1965ರಲ್ಲಿ ಇದನ್ನು ನುಡಿಸಿ ಧ್ವನಿಮುದ್ರಿಸಿದರು. ಹಿತ್ತಾಳೆಯ ಬದಲು ಉಕ್ಕು, ಗಾಳಿಯ ಬದಲು ಅಂಟು. ಆದರೂ ಹಾರ್ಮೋನಿಯಂ, ಮೌತ್ ಆರ್ಗನ್, ಪಿಯಾನೆಟ್ ಇವು ಮೂರೂ ನಾಲಗೆಯ ಕುಲದ ಅಣ್ಣತಮ್ಮಂದಿರು.

ಈ ಪಿಯಾನೆಟ್ ನಲವತ್ತು ವರ್ಷಗಳಿಗೂ ಹಿಂದೆ ಸಮೀಪದ ತೋಟವೊಂದರ ಬಂಗಲೆಯಿಂದ ನಮಗೆ ದಾನವಾಗಿ ಬಂದಿತು. ಅದನ್ನು ಜೀಪಿನಿಂದ ಇಳಿಸಿ ಅಟ್ಟಕ್ಕೆ ಏರಿಸಿದ ದಿನ ನಮ್ಮ ಸಂಭ್ರಮ ಹೇಳತೀರದು. ಆ ಸಂಭ್ರಮದಲ್ಲಿಯೇ ನಾವೊಂದು ತಪ್ಪು ಮಾಡಿದೆವು. ತಿದಿ ಹರಿದು, ಗೆದ್ದಲು ಮುಟ್ಟಿ, ಎರಡು ಮೂರು ಸ್ವರ ಕೆಟ್ಟಿದ್ದ ಹಳೆಯ ಹಾರ್ಮೋನಿಯಮ್ಮನ್ನು ಹಿತ್ತಾಳೆಯ ತೂಕದ ಬೆಲೆಗೆ ಗುಜರಿಯವನಿಗೆ ಕೊಟ್ಟೆವು. ಕೊಡೋಣವೆಂದು ಮೊದಲು ಹೇಳಿದವನು ನಾನೇ. ನಮ್ಮ ಅಜ್ಜಂದಿರ ಮದುವೆಗೂ ಮರಣಕ್ಕೂ ನುಡಿದಿದ್ದ ವಾದ್ಯವದು. ಅದರ ತಿದಿಗೆ ಒಂದು ಗಜ ಬಟ್ಟೆ, ಒಂದು ದಿನದ ಬಡಗಿ ಕೆಲಸ ಸಾಕಾಗಿತ್ತೆಂದು ನನಗೆ ತಿಳಿದದ್ದು ಅನಂತರ.

ಪಿಯಾನೆಟ್ಟಿನ ದೋಷ ಕೆಲವೇ ವಾರಗಳಲ್ಲಿ ತಿಳಿಯಿತು. ಅದರ ಸ್ವರ ಇಂಪಾದುದು, ಆದರೆ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಸ್ತೋತ್ರವನ್ನು ಹಾಡುವ ಮನುಷ್ಯನ ಸ್ವರ ಉಸಿರಿರುವವರೆಗೆ ನಿಲ್ಲುತ್ತದೆ. ತಿದಿಯ ವಾದ್ಯದ ಸ್ವರವೂ ಗಾಳಿಯಿರುವವರೆಗೆ ನಿಲ್ಲುತ್ತದೆ. ಪಿಯಾನೊ ಜಾತಿಯ ವಾದ್ಯ ಹಾಗಲ್ಲ. ಸಾಲಿನ ಕೊನೆಯ ದೀರ್ಘಸ್ವರವನ್ನು ಜನ ಎಳೆಯುತ್ತಿರುವಾಗ ಅದು ಅವರನ್ನು ನಡುನೀರಿನಲ್ಲಿ ಕೈಬಿಡುತ್ತದೆ. ಸಂತ ಹತ್ತನೆಯ ಪಯಸ್ ಜಗದ್ಗುರುಗಳು 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಹೊರಡಿಸಿದ ಆಜ್ಞಾಪತ್ರದಲ್ಲಿ ಗದ್ದಲದ ಡೋಲು ತಾಳಗಳೊಡನೆ ಪಿಯಾನೊವನ್ನೂ ದೇವಾಲಯದಿಂದ ಹೊರಗಿಟ್ಟಿದ್ದರು. ಅದು ವಿಲಾಸಗೃಹಗಳ ವಾದ್ಯವೆಂಬ ಭಾವನೆ ಆ ಕಾಲದಲ್ಲಿತ್ತು. ಆದರೆ ಪಿಯಾನೆಟ್ಟಿನ ಮುಂದೆ ಕುಳಿತು ಜನರನ್ನು ಹಾಡಿಸಲು ಹೆಣಗಿದ ನನಗೆ ಆ ನಿಷೇಧದ ಹಿಂದೆ ಉಸಿರಿನ ಈ ಕಾರಣವೂ ಕಾಣಿಸಿತು.

ಕಾಲ ಬದಲಾದಂತೆ ಸಭೆಯ ಕಟ್ಟಳೆಗಳೂ ವಿಶಾಲವಾದವು. 1958ರ ಸೆಪ್ಟೆಂಬರ್ 3ರಂದು ರೋಮಿನಿಂದ ಬಂದ ಸೂಚನೆಯು, ಕೊಳವೆ ಆರ್ಗನ್ನಿಗೆ ಅನುಕೂಲವಿಲ್ಲದ ಕಡೆ ಧರ್ಮಾಧ್ಯಕ್ಷರ ಅನುಮತಿಯಿಂದ ಎಲೆಕ್ಟ್ರಾನಿಕ್ ಆರ್ಗನ್ನನ್ನು ತಾತ್ಕಾಲಿಕವಾಗಿ ಸಹಿಸಬಹುದೆಂದಿತು. 1963ರ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪಿತವಾಯಿತು. ಅದಾದ 18 ದಿನಗಳಿಗೆ, ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನವನ್ನು ಘೋಷಿಸಿತು. ಕೊಳವೆ ಆರ್ಗನ್ನಿನ ಹಿರಿಮೆಯನ್ನು ಅದು ಕಾಪಾಡಿತು. ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅದಕ್ಕಿಂತ ಮುಖ್ಯವಾಗಿ, ಪೂಜೆಯಲ್ಲಿ ಜನರು ಪ್ರೇಕ್ಷಕರಲ್ಲ, ಭಾಗಿಗಳು ಎಂದು ಸಾರಿತು. ನಮ್ಮ ಧರ್ಮಪ್ರಾಂತದ ವಯಸ್ಸೂ ಜನರು ಹಾಡುವ ಹಕ್ಕಿನ ವಯಸ್ಸೂ ಹೆಚ್ಚು ಕಡಮೆ ಒಂದೇ ಎಂಬುದು ನಮಗೆ ಅಭಿಮಾನದ ವಿಷಯ.

ಪೂಜೆ ಕನ್ನಡಕ್ಕೂ ಕೊಂಕಣಿಗೂ ಬಂದಾಗ ಹೊಸ ಹಾಡುಗಳು ಬೇಕಾದವು. ಹೊಸ ಹಾಡುಗಳಿಗೆ ಆಧಾರವಾಗಬಲ್ಲ ವಾದ್ಯವೂ ಬೇಕಾಯಿತು. ಅದೇ ಕಾಲಕ್ಕೆ ಜಗತ್ತಿನಲ್ಲಿ ಹೊತ್ತೊಯ್ಯಬಹುದಾದ ಟ್ರಾನ್ಸಿಸ್ಟರ್ ಆರ್ಗನ್‌ಗಳು ತಯಾರಾಗುತ್ತಿದ್ದವು. ಇಂಗ್ಲೆಂಡಿನ ವಾಕ್ಸ್, ಇಟಲಿಯ ಫಾರ್ಫಿಸಾ, ಜರ್ಮನಿಯ ಹೋನರ್, ಪೂರ್ವ ಜರ್ಮನಿಯ ಕ್ಲಿಂಗೆಂಥಾಲಿನ ವೆಲ್ಟ್‌ಮೈಸ್ಟರ್ ಇವು ಅವುಗಳಲ್ಲಿ ಕೆಲವು. ಇಂತಹ ಆರ್ಗನ್‌ಗಳಲ್ಲಿ ನಾಲಗೆಯಿಲ್ಲ. ಅತ್ಯಂತ ಮೇಲಿನ ಸ್ಥಾಯಿಯ 12 ಸ್ವರಗಳಿಗೆ 12 ವಿದ್ಯುತ್ ಮಂಡಲಗಳು ಇರುತ್ತವೆ. ಅವುಗಳ ಕಂಪನಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ ಕೆಳಗಿನ ಸ್ಥಾಯಿ, ಮತ್ತೆ ಭಾಗಿಸಿದರೆ ಅದಕ್ಕೂ ಕೆಳಗಿನದು. ಆದುದರಿಂದ ಶ್ರುತಿ ಮಾಡಬೇಕಾದುದು 12 ಮಂಡಲಗಳಿಗೆ ಮಾತ್ರ. ಕೀಲಿಯನ್ನು ಅದುಮಿರುವವರೆಗೂ ಸ್ವರ ನಿಲ್ಲುತ್ತದೆ. ಕ್ರಿಸ್ತಜಯಂತಿಗೆ ಇಂತಹ ಒಂದನ್ನು ಪಟ್ಟಣದ ವಾದ್ಯತಂಡದಿಂದ ಬಾಡಿಗೆಗೆ ತರುತ್ತಿದ್ದೆವು. ಅಂದಿನ ಹಾಡು ತುಂಬಿ ಬರುತ್ತಿತ್ತು.

ಹಿರಿಯರು ಕೆಲವರಿಗೆ ಅದು ಸರಿಬರಲಿಲ್ಲ. ‘ಸಿನೆಮಾದ ವಾದ್ಯ’ ಎಂದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. 1954ರ ‘ನಾಗಿನ್’ ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ದೇಶವೆಲ್ಲ ತಲೆದೂಗಿದ ಧ್ವನಿ ಹೊರಟದ್ದು ಕಲ್ಯಾಣಜಿಯವರು ನುಡಿಸಿದ ‘ಕ್ಲಾವಿಯೊಲಿನ್’ ಎಂಬ ಪುಟ್ಟ ಎಲೆಕ್ಟ್ರಾನಿಕ್ ವಾದ್ಯದಿಂದ. ಕನ್ನಡ ಚಿತ್ರಸಂಗೀತದ ಜಿ. ಕೆ. ವೆಂಕಟೇಶರ ಬಳಿ ಇಳಯರಾಜರು ಸಹಾಯಕರಾಗಿ ದುಡಿದದ್ದೂ ಆ ವಾದ್ಯಗಳ ಕಾಲದಲ್ಲಿಯೇ. ಆದರೆ ನಾವು ಸಾಧುವೆಂದು ತಿಳಿದಿರುವ ಹಾರ್ಮೋನಿಯಂ ಕೂಡ ಒಂದು ಕಾಲದಲ್ಲಿ ದೋಷಿಯಾಗಿತ್ತು. ಭಾರತೀಯ ಸಂಗೀತದ ಸೂಕ್ಷ್ಮ ಶ್ರುತಿಗಳಿಗೆ ಅದು ಸಲ್ಲದೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಇತ್ತ ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗಳು ಇಂದು ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ನಿಸ್ಸಂಕೋಚವಾಗಿ ಕುಳಿತಿವೆ. ಅಂದಮೇಲೆ ವಾದ್ಯಕ್ಕೆ ಹುಟ್ಟಿನಿಂದ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದು ಯಾರ ಸೇವೆ ಮಾಡುತ್ತದೆ ಎಂಬುದೇ ಪ್ರಶ್ನೆ.

ಆ ಪ್ರಶ್ನೆ ನನಗೆ ಎದುರಾದ ದಿನವನ್ನು ಈಗ ಹೇಳಬೇಕು. ಪಿಯಾನೆಟ್ ಬಂದು ನಾಲ್ಕು ವರ್ಷಗಳಾಗಿದ್ದವು. ಸೆಪ್ಟೆಂಬರ್ 8, ಮಾತೆ ಮರಿಯಳ ಜನನದ ಹಬ್ಬ, ನಮ್ಮ ಮನೆಮಾತಿನಲ್ಲಿ ಮೊಂತಿ ಹಬ್ಬ. ಹೊರಗೆ ಹುಬ್ಬಾ ಮಳೆ. ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಸಾಲಾಗಿ ನಿಂತಿದ್ದರು; ಹೊಸ ತೆನೆಗಳು ಆಶೀರ್ವಾದಕ್ಕೆ ಸಿದ್ಧವಾಗಿದ್ದವು. ಪ್ರವೇಶಗೀತೆಯ ಎರಡನೆಯ ಸಾಲಿನಲ್ಲಿ ವಿದ್ಯುತ್ತು ಹೋಯಿತು. ನನ್ನ ಬೆರಳುಗಳು ನುಡಿಸುತ್ತಲೇ ಇದ್ದವು. ವಿದ್ಯುತ್ತಿಲ್ಲದಿದ್ದರೂ ಪಿಯಾನೆಟ್ಟಿನ ನಾಲಗೆಗಳು ಕಂಪಿಸುತ್ತವೆ. ಆದರೆ ಆ ಧ್ವನಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟು, ನುಡಿಸುವವನ ಕಿವಿಗೆ ಮಾತ್ರ. ಕೆಳಗಿನಿಂದ ಹಾಡು ಮುಂದುವರಿಯುವುದೆಂದು ಕಾದೆ.

ಹಾಡು ಮುಂದುವರಿಯಲಿಲ್ಲ. ಗಾನವೃಂದದ ನಾವು ಏಳೆಂಟು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೆಳಗೆ ಕಿಕ್ಕಿರಿದು ನಿಂತಿದ್ದ ಜನ ತಲೆಯೆತ್ತಿ ಅಟ್ಟದ ಕಡೆಗೆ ನೋಡಿದರು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಗುರುಗಳೇ ಹಾಡನ್ನು ಎತ್ತಿಕೊಂಡರು, ಜನ ಸೇರಿದರು, ಆದರೆ ಸ್ವರ ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗಿ ಮೂರನೆಯ ಚರಣಕ್ಕೆ ನಿಂತೇ ಹೋಯಿತು. ಪ್ರತಿ ವರ್ಷ ಒಂಬತ್ತು ದಿನಗಳ ನೊವೇನದಲ್ಲಿ ಆ ಹಾಡನ್ನು ಹಾಡಿ ಬೆಳೆದ ಜನ ಇವರು. ತೋಟದ ಲೈನುಗಳಲ್ಲಿ ಚಿಮಣಿ ದೀಪದ ಮುಂದೆ ಜಪಮಾಲೆಯ ನಂತರ ಯಾವ ವಾದ್ಯವೂ ಇಲ್ಲದೆ ಅದನ್ನೇ ಹಾಡಿದವರ ಮಕ್ಕಳು.

ಪೂಜೆಯ ನಂತರ ಯಾರೂ ನಮ್ಮನ್ನು ದೂರಲಿಲ್ಲ, ದೂರಿದ್ದು ಕರೆಂಟನ್ನು. ಆದರೆ ನನಗೆ ಗೊತ್ತಿತ್ತು. ನಾಲ್ಕು ವರ್ಷಗಳಿಂದ ನಾವು ಜನರನ್ನು ಹಾಡಿಸಿರಲಿಲ್ಲ. ಜನರ ಬದಲಿಗೆ ಹಾಡುತ್ತಿದ್ದೆವು. ಧ್ವನಿವರ್ಧಕವನ್ನು ಏರಿಸಿದ್ದೆವು, ಜನರಿಗೆ ತಿಳಿಯದ ಹೊಸ ಹಾಡುಗಳನ್ನು ವಾರವಾರವೂ ತಂದಿದ್ದೆವು, ಹೆಂಗಸರ ಕಂಠಕ್ಕೆ ಎಟುಕದ ಶ್ರುತಿಯನ್ನು ಬೆರಳಿಗೆ ಸುಲಭವೆಂದು ಆರಿಸಿದ್ದೆವು. ತಿದಿಯ ಹಾರ್ಮೋನಿಯಂ ಇದ್ದಾಗ ಅದರ ಧ್ವನಿ ಜನರ ಧ್ವನಿಗಿಂತ ಎಂದೂ ದೊಡ್ಡದಾಗಲು ಸಾಧ್ಯವಿರಲಿಲ್ಲ. ನುಡಿಸುವವನಿಗೂ ಕಾಲು ಸೋಲುತ್ತಿತ್ತು. ಹಾಡುವವರಿಗೆ ಉಸಿರು ಸಾಲದಾಗ ಅವನಿಗೂ ಗಾಳಿ ಸಾಲುತ್ತಿರಲಿಲ್ಲ. ಆ ದೌರ್ಬಲ್ಯವೇ ಅದರ ವಿನಯವಾಗಿತ್ತು. ನಾವು ಗುಜರಿಗೆ ಹಾಕಿದ್ದು ಆ ವಿನಯವನ್ನು.

ಈ ವಿಷಯದಲ್ಲಿ ಪವಿತ್ರ ಸಭೆ ನಮಗಿಂತ ಬಹಳ ಜಾಣೆ. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೆ ಗಂಟೆಗಳೂ ಆರ್ಗನ್ನೂ ಮೌನವಾಗಿರಬೇಕೆಂಬುದು ಹಳೆಯ ವಾಡಿಕೆ. ಇಂದಿನ ಪೂಜಾಗ್ರಂಥವೂ ಆ ದಿನಗಳಲ್ಲಿ ಹಾಡಿಗೆ ಆಸರೆಯಾಗುವಷ್ಟು ಮಾತ್ರ ವಾದ್ಯಕ್ಕೆ ಅವಕಾಶ ಕೊಡುತ್ತದೆ. ಅದನ್ನು ನಾವು ಶೋಕದ ಚಿಹ್ನೆಯೆಂದಷ್ಟೇ ತಿಳಿದಿದ್ದೆವು. ವರ್ಷಕ್ಕೊಮ್ಮೆಯಾದರೂ ಜನ ತಮ್ಮ ಸ್ವಂತ ಕಂಠದ ಮೇಲೆ ನಿಲ್ಲಲಿ ಎಂಬ ಪಾಠವೂ ಅದರಲ್ಲಿದೆ. 1967ರ ಮಾರ್ಚ್ 5ರ ‘ಮೂಸಿಕಂ ಸಾಕ್ರಂ’ ಎಂಬ ಸೂಚನೆಯು, ನೆರೆದ ಇಡೀ ಜನಸಮೂಹ ತನ್ನ ವಿಶ್ವಾಸವನ್ನು ಹಾಡಿ ತೋರುವುದಕ್ಕಿಂತ ಸಂತೋಷದ ಸಂಗತಿ ಆರಾಧನೆಯಲ್ಲಿ ಮತ್ತೊಂದಿಲ್ಲವೆಂಬ ಅರ್ಥದ ಮಾತನ್ನು ಹೇಳಿದೆ. ಆ ಹಬ್ಬದ ನಂತರ ನಾವು ಪ್ರತಿ ಭಾನುವಾರ ಪೂಜೆಗೆ ಮುನ್ನ ಹತ್ತು ನಿಮಿಷ ಕೆಳಗಿಳಿದು, ವಾದ್ಯವಿಲ್ಲದೆ, ಜನರೊಡನೆ ಒಂದು ಹಾಡನ್ನು ಅಭ್ಯಾಸ ಮಾಡತೊಡಗಿದೆವು. ಕಳೆದುಹೋದುದು ಮರಳಿ ಬರಲು, ಕಳೆಯಲು ಹಿಡಿದುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇಂದಿನ ವಾದ್ಯದ ಬಗ್ಗೆ ಎರಡು ಮಾತು. 1980ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆ ತನ್ನ ಮೊದಲ ಕೀಬೋರ್ಡನ್ನು ಹೊರತಂದಿತು. 1983ರಲ್ಲಿ ಯಮಹಾ ಸಂಸ್ಥೆಯ ಡಿಎಕ್ಸ್-7 ಬಂದಿತು. ಮೆತ್ತೆ, ಉಕ್ಕು, ತಂತಿಗಳ ಎಲೆಕ್ಟ್ರಿಕ್ ಪಿಯಾನೊಗಳ ಯುಗ ಅಲ್ಲಿಗೆ ಮುಗಿಯಿತು. ಕೊಲ್ಲಿ ದೇಶಗಳಿಗೆ ದುಡಿಯಹೋದ ನಮ್ಮವರು ರಜೆಗೆ ಬರುವಾಗ ಹೊತ್ತು ತಂದ ಕೀಬೋರ್ಡುಗಳು ಕಾಡಿನ ನಡುವಣ ಉಪಕೇಂದ್ರಗಳಿಗೂ ಮುಟ್ಟಿದವು. ಇದು ದೊಡ್ಡ ಉಪಕಾರವೇ ಸರಿ. ಹತ್ತು ಮನೆಗಳ ಊರಿನ ಪ್ರಾರ್ಥನಾಲಯಕ್ಕೂ ಇಂದು ಆರ್ಗನ್ನಿನ ಸ್ವರವುಂಟು. ಬ್ಯಾಟರಿಯಿಂದಲೂ ಅದು ನುಡಿಯುವುದರಿಂದ ಕರೆಂಟಿನ ಭಯವಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಒಂದು ಗುಂಡಿ ಒತ್ತಿದರೆ ತಬಲ, ಇನ್ನೊಂದು ಒತ್ತಿದರೆ ಪಿಟೀಲುಗಳ ಮೇಳ, ಮತ್ತೊಂದು ಒತ್ತಿದರೆ ಮೊದಲೇ ತುಂಬಿಟ್ಟ ಇಡೀ ಹಾಡು. ಯಂತ್ರದ ತಾಳ ಯಾರಿಗೂ ಕಾಯುವುದಿಲ್ಲ. ಪರಮಪ್ರಸಾದಕ್ಕೆ ಊರುಗೋಲೂರಿ ಬರುವ ಮುದುಕಿಗೂ, ಹಾಡಿನ ನಡುವೆ ಗದ್ಗದವಾಗುವ ವಿಧವೆಗೂ ಅದು ಕಾಯುವುದಿಲ್ಲ. ಕಾಯಬಲ್ಲವನು ನುಡಿಸುವ ಮನುಷ್ಯ ಮಾತ್ರ. ಯುವಮಿತ್ರರೇ, ನಿಮ್ಮ ಬೆರಳಿಗಿಂತ ಮೊದಲು ನಿಮ್ಮ ಕಿವಿ ಕೆಳಗಿನ ಜನರ ಕಡೆಗಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಆ ಜರ್ಮನ್ ಪಿಯಾನೆಟ್ಟನ್ನು ಏನು ಮಾಡಬೇಕು? ಕಳೆದ ತಿಂಗಳು ನಾನು ಅದರ ಮುಚ್ಚಳ ತೆಗೆದು ನೋಡಿದೆ. ಮೆತ್ತೆಗಳ ಅಂಟು ಒಣಗಿ, ಅನೇಕ ಕೀಲಿಗಳು ನಾಲಗೆಯನ್ನು ಎಳೆಯಲಾರದೆ ಸುಮ್ಮನೆ ಏಳುತ್ತವೆ. ಕೆಲವು ನಾಲಗೆಗಳಿಗೆ ತುಕ್ಕು ಹಿಡಿದಿದೆ. ಆದರೆ 61 ನಾಲಗೆಗಳಲ್ಲಿ ಒಂದೂ ಮುರಿದಿಲ್ಲ. ಮೆತ್ತೆಗಳನ್ನು ಬದಲಾಯಿಸಬಹುದು, ಇಂತಹ ವಾದ್ಯಗಳಿಗೆಂದೇ ಈಗ ಸಿಲಿಕೋನ್ ರಬ್ಬರಿನ ಹೊಸ ಮೆತ್ತೆಗಳು ತಯಾರಾಗುತ್ತವೆ. ತುಕ್ಕನ್ನು ಮಾತ್ರ ಹಗುರ ಕೈಯಿಂದ ತೆಗೆಯಬೇಕು, ಏಕೆಂದರೆ ನಾಲಗೆಯ ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ. ಮಳೆ ಹೊಡೆಯುವ ಪಶ್ಚಿಮದ ಗೋಡೆಯಿಂದ ಅದನ್ನು ದೂರವಿಟ್ಟು, ತೇವ ಹೀರುವ ಹರಳುಗಳ ಪೊಟ್ಟಣವನ್ನು ಒಳಗಿಟ್ಟರೆ ಅದು ಇನ್ನೂ ಬಹುಕಾಲ ಬಾಳೀತು.

ಇದನ್ನು ಪೂಜೆಯಲ್ಲಿ ನುಡಿಸಿರೆಂದು ನಾನು ಕೇಳುವುದಿಲ್ಲ. ಅದಕ್ಕೆ ಅದು ತಕ್ಕ ವಾದ್ಯವಲ್ಲವೆಂದು ಆಗಲೇ ಹೇಳಿದ್ದೇನೆ. ಆದರೆ ಕಲಿಯುವ ಮಕ್ಕಳ ಪಾಲಿಗೆ ಅದು ಒಳ್ಳೆಯ ಗುರು. ಗುಂಡಿ ಒತ್ತಿದರೆ ಅದು ತಾನಾಗಿ ಏನನ್ನೂ ನುಡಿಯುವುದಿಲ್ಲ. ಮುಚ್ಚಳ ತೆರೆದರೆ ಸ್ವರ ಹೇಗೆ ಹುಟ್ಟುತ್ತದೆಂಬುದನ್ನು ಕಣ್ಣಾರೆ ಕಾಣಬಹುದು. ಅದನ್ನು ಧರ್ಮಕೇಂದ್ರದ ಸಭಾಭವನದಲ್ಲಿಟ್ಟು, ಪ್ರತಿ ವರ್ಷ ಇಬ್ಬರು ಮಕ್ಕಳಿಗಾದರೂ ನುಡಿಸಲೂ ಬಿಚ್ಚಿ ಜೋಡಿಸಲೂ ಕಲಿಸುವ ಹೊಣೆಯನ್ನು, ಕೈ ನಡುಗದಿರುವವರೆಗೆ, ನಾನು ಹೊರುತ್ತೇನೆ. ಎರಡನೆಯ ವಿನಂತಿ ಇದು: ಶತಮಾನೋತ್ಸವದ ವರ್ಷದಿಂದ ಆರಂಭಿಸಿ ಪ್ರತಿ ಭಾನುವಾರದ ಪೂಜೆಯಲ್ಲಿ ಒಂದು ಹಾಡನ್ನಾದರೂ ಯಾವ ವಾದ್ಯವೂ ಇಲ್ಲದೆ ಎಲ್ಲರೂ ಹಾಡಬೇಕು. ಮೂರನೆಯದು: ಕನ್ನಡ, ಕೊಂಕಣಿ, ತಮಿಳುಗಳಲ್ಲಿ ನಮ್ಮ ಹಿರಿಯರು ಬಾಯಿಪಾಠವಾಗಿ ಬಲ್ಲ ಹಳೆಯ ಹಾಡುಗಳನ್ನು ಅವರ ಕಂಠದಲ್ಲಿಯೇ ಧ್ವನಿಮುದ್ರಿಸಿಡಬೇಕು. ಇಂದು ಪ್ರತಿ ಯುವಕನ ಜೇಬಿನಲ್ಲಿಯೂ ಅದಕ್ಕೆ ಬೇಕಾದ ಯಂತ್ರವಿದೆ. ಪಿಯಾನೆಟ್ಟನ್ನು ಉಳಿಸುವುದಕ್ಕಿಂತ ಇದು ತುರ್ತಿನ ಕೆಲಸ. ಲೋಹದ ನಾಲಗೆ ಕಾದೀತು, ಮನುಷ್ಯರ ನಾಲಗೆ ಕಾಯುವುದಿಲ್ಲ.

ಹಾರ್ಮೋನಿಯಂ ಹೋದ ದಿನ ಸಂಜೆ ಅಟ್ಟ ಗುಡಿಸುವಾಗ ಹಲಗೆಯ ಸಂದಿನಲ್ಲಿ ಹಿತ್ತಾಳೆಯ ಒಂದು ನಾಲಗೆ ಸಿಕ್ಕಿತು. ಅದು ಇಂದಿಗೂ ನನ್ನ ಪ್ರಾರ್ಥನಾ ಪುಸ್ತಕದಲ್ಲಿದೆ. ತುಟಿಗೆ ಹತ್ತಿರ ಹಿಡಿದು ಊದಿದರೆ ಸಣ್ಣದಾಗಿ ನುಡಿಯುತ್ತದೆ. ಅದು ಯಾವ ಸ್ವರವೆಂದು ಹೊಸ ಕೀಬೋರ್ಡಿನೊಡನೆ ಹೋಲಿಸಿ ನೋಡಿದ್ದೇನೆ. ಶ್ರುತಿ ಸ್ವಲ್ಪ ಇಳಿದಿದೆ, ಆದರೆ ಗುರುತು ಸಿಗುತ್ತದೆ. ಅಟ್ಟದ ದುರಸ್ತಿ ಮುಗಿದ ದಿನ ಅದನ್ನು ಧರ್ಮಕೇಂದ್ರಕ್ಕೆ ಒಪ್ಪಿಸುತ್ತೇನೆ.

ಕಾಫಿ ಗಿಡಗಳು ಮತ್ತೆ ಹೂವಾಗುವ ಹೊತ್ತಿಗೆ ಪಾಸ್ಖ ಹಬ್ಬ ಬರುತ್ತದೆ. ಜಾಗರಣೆಯ ರಾತ್ರಿ ಮಹಿಮಾಗೀತೆಗೆ ಗಂಟೆಗಳೂ ವಾದ್ಯಗಳೂ ಮೌನ ಮುರಿಯುವಾಗ, ಆ ಎಲ್ಲ ಧ್ವನಿಗಳಿಗಿಂತ ಮೇಲೆ ನಿಮ್ಮ ಧ್ವನಿ ಕೇಳಿಸುವಂತಾಗಲಿ. ನೂರು ವರ್ಷ ನಮ್ಮ ಪೂರ್ವಜರ ಹಾಡನ್ನು ಆಲಿಸಿದ ದೇವರು ಮುಂದಿನ ನೂರು ವರ್ಷವೂ ಈ ಬೆಟ್ಟದ ಮಕ್ಕಳ ಹಾಡನ್ನು ಆಲಿಸಲಿ ಎಂದು ಪ್ರಾರ್ಥಿಸುತ್ತೇನೆ.